ಹೊಸ ವಿನ್ಯಾಸದ ಬಳಿಕ ಗೂಗಲ್‌ನಲ್ಲಿ ಕಾಣೆಯಾದ ವೆಬ್‌ಸೈಟ್: ಕುಸಿತದ ತಾರೀಖು ಏನು ಹೇಳುತ್ತದೆ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. 2018ರಿಂದ ಸ್ವಂತ ವೆಬ್‌ಸೈಟ್ ಮೂಲಕ ಬೆಂಗಳೂರು, ಪುಣೆ, ಹೈದರಾಬಾದುಗಳ ಮನೆಗಳಿಗೆ ನೇರವಾಗಿ ತೊಗರಿಬೇಳೆ ಕಳುಹಿಸುತ್ತ ಬಂದಿದ್ದೇವೆ. ‘ಗುಲಬರ್ಗಾ ತೊಗರಿಬೇಳೆ’ ಎಂದು ಹುಡುಕಿದರೆ ಗೂಗಲ್‌ನ ಮೊದಲ ಪುಟದಲ್ಲೇ ನಮ್ಮ ಹೆಸರು ಬರುತ್ತಿತ್ತು. ಈ ಜೂನ್ ಎರಡನೆಯ ವಾರ ಸೈಟ್‌ಗೆ ಹೊಸ ವಿನ್ಯಾಸ ಮಾಡಿಸಿದೆವು. ಅಡುಗೆ, ಬೇಳೆ ಕಾಪಿಡುವ ಬಗೆ ಮುಂತಾದ 32 ಹಳೆಯ ಬರಹಗಳನ್ನು ‘ಗೊಂದಲವಾಗುತ್ತದೆ’ ಎಂದು ವಿನ್ಯಾಸಕಾರರು ತೆಗೆದುಹಾಕಿದರು. ಜೂನ್ ಕೊನೆಯ ವಾರದಿಂದ, ದಿನಕ್ಕೆ ಸುಮಾರು 220 ಇದ್ದ ಭೇಟಿಗಳು 40ಕ್ಕೆ ಇಳಿದಿವೆ. ಈಗ ಸೆಪ್ಟೆಂಬರ್, ಚೇತರಿಕೆಯ ಸುಳಿವಿಲ್ಲ. ಕಳೆದ ವರ್ಷ ಒಬ್ಬರಿಗೆ ಹಣ ಕೊಟ್ಟು ಬೇರೆ ಸೈಟ್‌ಗಳಲ್ಲಿ ನಮ್ಮ ಸೈಟ್‌ನ 500 ಲಿಂಕ್ ಹಾಕಿಸಿದ್ದೆವು. ಅದಕ್ಕಾಗಿ ಗೂಗಲ್ ನಮಗೆ ದಂಡ ವಿಧಿಸಿದೆಯೇ? 60 ಸಾವಿರ ರೂಪಾಯಿ ಕೊಟ್ಟರೆ 30 ದಿನಗಳಲ್ಲಿ ಮೊದಲ ಸ್ಥಾನಕ್ಕೆ ತರುವುದಾಗಿ ಒಬ್ಬರು ಫೋನ್ ಮಾಡುತ್ತಿದ್ದಾರೆ. ಒಪ್ಪಬಹುದೇ, ಅಥವಾ ಹೊಸ ಡೊಮೇನ್ (ಸೈಟಿನ ಹೆಸರು) ಕೊಂಡು ಮೊದಲಿನಿಂದ ಆರಂಭಿಸುವುದು ಒಳ್ಳೆಯದೇ?

ಉತ್ತರ: ಆರೇಳು ವರ್ಷ ಕಟ್ಟಿದ ಗಿರಾಕಿಗಳ ದಾರಿ ಎರಡು ವಾರದಲ್ಲಿ ಮುಚ್ಚಿಹೋದಾಗ ಯಾರೋ ಬೇಕೆಂದೇ ಮುಚ್ಚಿದ್ದಾರೆ ಎನಿಸುವುದು ಸಹಜ. ನೀವು ಬರೆದಿರುವ ವಿವರಗಳನ್ನು ಓದಿದರೆ ನನಗೆ ದಂಡದ ಲಕ್ಷಣ ಕಾಣುವುದಿಲ್ಲ. ಹೊಸ ವಿನ್ಯಾಸದ ಸಮಯದಲ್ಲಿ ಹಳೆಯ ಪುಟಗಳ ವಿಳಾಸಗಳು ಕಡಿದುಹೋಗಿವೆ, ಅವುಗಳೊಡನೆ ಆ ಪುಟಗಳು ಗಳಿಸಿದ್ದ ಮಾನ್ಯತೆಯೂ ಹೋಗಿದೆ ಎಂಬುದು ನನ್ನ ಬಲವಾದ ಅನುಮಾನ. ಆದರೂ ಅನುಮಾನದ ಮೇಲೆ ಚಿಕಿತ್ಸೆ ಮಾಡುವುದು ಬೇಡ. ಈ ಕೆಲಸದಲ್ಲಿ ನಾನು ಕಂಡ ಹೆಚ್ಚಿನ ಹಾನಿ ಮೊದಲ ಕುಸಿತದಿಂದ ಆದದ್ದಲ್ಲ. ಕಾರಣ ತಿಳಿಯುವ ಮೊದಲೇ ಗಾಬರಿಯಲ್ಲಿ ಮಾಡಿದ ಬದಲಾವಣೆಗಳಿಂದ ಆದದ್ದು.

ಮೊದಲು ದಂಡದ ವಿಷಯವನ್ನು ತೀರ್ಮಾನಿಸಿಕೊಳ್ಳೋಣ, ಏಕೆಂದರೆ ಇದನ್ನು ಐದು ನಿಮಿಷದಲ್ಲಿ ನೀವೇ ಪರೀಕ್ಷಿಸಬಹುದು. ಗೂಗಲ್‌ನ ಸಿಬ್ಬಂದಿ ಒಂದು ಸೈಟ್ ಅನ್ನು ಪರಿಶೀಲಿಸಿ ಕ್ರಮ ಕೈಗೊಂಡಿದ್ದರೆ, ಅದರ ಸೂಚನೆ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯ ‘ಮ್ಯಾನುಯಲ್ ಆ್ಯಕ್ಷನ್ಸ್’ ಪುಟದಲ್ಲಿ ಇದ್ದೇ ಇರುತ್ತದೆ. ಅಲ್ಲಿ ಯಾವ ಸಮಸ್ಯೆಯೂ ಕಂಡುಬಂದಿಲ್ಲ ಎಂದಿದ್ದರೆ ದಂಡ ಇಲ್ಲ. ಗುಟ್ಟಾಗಿ ವಿಧಿಸಿದ ಇನ್ನೊಂದು ದಂಡವೂ ಇಲ್ಲ. ಅದರ ಕೆಳಗೇ ಇರುವ ‘ಸೆಕ್ಯುರಿಟಿ ಇಶ್ಯೂಸ್’ ಪುಟವನ್ನೂ ನೋಡಿ, ಏಕೆಂದರೆ ಸೈಟ್‌ಗೆ ಕಳ್ಳಗನ್ನ ಹಾಕಿ, ಮಾಲೀಕರಿಗೆ ಕಾಣದಂತೆ ಔಷಧ ಮಾರಾಟದ ಅಥವಾ ಜಪಾನೀ ಭಾಷೆಯ ನೂರಾರು ಪುಟಗಳನ್ನು ತುಂಬಿಸುವ ಪ್ರಕರಣಗಳು ನಮ್ಮ ಭಾಗದ ಸಣ್ಣ ಸೈಟ್‌ಗಳಲ್ಲೂ ನಡೆದಿವೆ.

ನೀವು ಕೊಂಡ ಲಿಂಕ್‌ಗಳ ಬಗ್ಗೆ ಆತಂಕ ಹಳೆಯ ಕಾಲದಿಂದ ಉಳಿದುಬಂದದ್ದು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಾಗ, ಇಂತಹ ಲಿಂಕ್‌ಗಳಿದ್ದ ಸೈಟ್‌ಗಳು ನಿಜಕ್ಕೂ ಕೆಳಗಿಳಿದು, ಮುಂದಿನ ಪರಿಷ್ಕರಣೆಯವರೆಗೆ ತಿಂಗಳುಗಟ್ಟಲೆ ಮೇಲೇಳಲಾರದೆ ಉಳಿಯುತ್ತಿದ್ದವು. 2016ರ ಸೆಪ್ಟೆಂಬರ್‌ನಿಂದ ಅದು ಮುಖ್ಯ ವ್ಯವಸ್ಥೆಯ ಭಾಗವಾಗಿದೆ. ಆ ಬಳಿಕ ಕೃತಕ ಲಿಂಕ್‌ಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ಅದರ ರೀತಿ. ಅಂದರೆ ನಿಮ್ಮ ಹಣ ವ್ಯರ್ಥವಾಗಿರಬಹುದು, ಆದರೆ ಒಂದು ವರ್ಷದ ಹಿಂದಿನ ಆ ಲಿಂಕ್‌ಗಳು ಸರಿಯಾಗಿ ಈ ಜೂನ್ ಕೊನೆಯ ವಾರ ಎಚ್ಚೆತ್ತು ನಿಮ್ಮನ್ನು ಕೆಡವಿದವು ಎಂದು ನಂಬಲು ಕಾರಣವಿಲ್ಲ. ಹೊಸದಾಗಿ ಕೊಳ್ಳಬೇಡಿ, ಇರುವುದನ್ನು ಹಾಗೇ ಬಿಡಿ. ಲಿಂಕ್‌ಗಳನ್ನು ನಿರಾಕರಿಸುವ ‘ಡಿಸ್‌ಅವೋ’ ಎಂಬ ಸಾಧನವಿದೆ ಎಂದು ಯಾರಾದರೂ ಹೇಳಿಯಾರು. ಮ್ಯಾನುಯಲ್ ಆ್ಯಕ್ಷನ್ ಸೂಚನೆ ಇಲ್ಲದಿರುವಾಗ ಅದನ್ನು ಮುಟ್ಟದಿರುವುದೇ ಲೇಸು. ಪಟ್ಟಿ ಮಾಡುವಾಗ ನಿಮ್ಮ ಬೇಳೆಯನ್ನು ಮೆಚ್ಚಿ ಬರೆದವರ ಒಳ್ಳೆಯ ಲಿಂಕ್‌ಗಳೂ ಅದರೊಳಗೆ ಸೇರಿ ಹೋದರೆ ನಷ್ಟ ನಿಮ್ಮದೇ.

ಇನ್ನು ಮುಖ್ಯ ಸಾಕ್ಷಿಗೆ ಬರೋಣ. ಸರ್ಚ್ ಕನ್ಸೋಲ್‌ನ ‘ಪರ್ಫಾರ್ಮೆನ್ಸ್’ ವರದಿ ಕಳೆದ 16 ತಿಂಗಳ ಲೆಕ್ಕವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಈಗ ಸೆಪ್ಟೆಂಬರ್ ಆದ್ದರಿಂದ ಕಳೆದ ವರ್ಷದ ಜೂನ್ ಅದರಲ್ಲಿ ಇನ್ನೂ ಇದೆ. ನವೆಂಬರ್ ಹೊತ್ತಿಗೆ ಅದು ಜಾರಿಹೋಗಿರುತ್ತದೆ. ಬೇರೆ ಏನು ಮಾಡದಿದ್ದರೂ ಇವತ್ತೇ ಆ ವರದಿಯನ್ನು ಪುಟಗಳ ಪ್ರಕಾರ ಮತ್ತು ಹುಡುಕಿದ ಪದಗಳ ಪ್ರಕಾರ ಎರಡು ಕಡತಗಳಾಗಿ ಇಳಿಸಿಟ್ಟುಕೊಳ್ಳಿ.

ಕಳೆದ ವರ್ಷದ ಅದೇ ತಿಂಗಳಿನೊಡನೆ ಹೋಲಿಸಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ನಿಮ್ಮ ವ್ಯಾಪಾರವೇ ಕಾರಣ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ರಾಶಿಯಾಗಿ, ಹೊಸ ಬೇಳೆ ಪೇಟೆಗೆ ಬಂದ ಮೇಲೆ ಬೇಸಿಗೆಯ ಬಿಸಿಲಿನಲ್ಲಿ ಜನ ವರ್ಷಕ್ಕಾಗುವಷ್ಟು ಬೇಳೆ ತುಂಬಿಸಿಕೊಳ್ಳುತ್ತಾರೆ. ಮಳೆ ಶುರುವಾದರೆ ಆ ಕೊಳ್ಳುವಿಕೆ ತಗ್ಗುತ್ತದೆ. ಹೀಗಿರುವಾಗ ಮೇ ತಿಂಗಳನ್ನೂ ಜುಲೈ ತಿಂಗಳನ್ನೂ ಪಕ್ಕಪಕ್ಕ ಇಟ್ಟರೆ ಸೈಟ್ ಚೆನ್ನಾಗಿದ್ದರೂ ಇಳಿಜಾರು ಕಾಣುತ್ತದೆ. ನಿಮ್ಮ ಕುಸಿತದಲ್ಲಿ ಒಂದು ಪಾಲು ಋತುವಿನದ್ದೇ ಆಗಿರಬಹುದು. ಆದರೆ 220ರಿಂದ 40 ಎಂಬುದು ಋತುವೊಂದರಿಂದಲೇ ಆಗುವ ಇಳಿತವಲ್ಲ.

ವರದಿಯಲ್ಲಿ ಕ್ಲಿಕ್, ಇಂಪ್ರೆಷನ್, ಸರಾಸರಿ ಸ್ಥಾನ ಎಂಬ ಗೆರೆಗಳಿವೆ. ಇಂಪ್ರೆಷನ್ ಎಂದರೆ ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಪುಟ ಎಷ್ಟು ಸಲ ಕಾಣಿಸಿಕೊಂಡಿತು ಎಂಬ ಲೆಕ್ಕ. ಸ್ಥಾನ ಹಾಗೇ ಇದ್ದು ಇಂಪ್ರೆಷನ್ ಮಾತ್ರ ಇಳಿದಿದ್ದರೆ ಹುಡುಕುವವರೇ ಕಡಿಮೆಯಾಗಿದ್ದಾರೆ ಎಂದರ್ಥ. ಸ್ಥಾನ, ಇಂಪ್ರೆಷನ್ ಎರಡೂ ಉಳಿದು ಕ್ಲಿಕ್ ಮಾತ್ರ ಇಳಿದಿದ್ದರೆ ಫಲಿತಾಂಶದ ಪುಟದ ರೂಪ ಬದಲಾಗಿರುತ್ತದೆ: ಮೇಲೆ ಜಾಹೀರಾತು ಹೆಚ್ಚಿರಬಹುದು, ಅಥವಾ 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಎಐ ಸಾರಾಂಶ ನಿಮ್ಮ ಪುಟದ ಉತ್ತರವನ್ನು ಅಲ್ಲೇ ಕೊಟ್ಟುಬಿಡುತ್ತಿರಬಹುದು. ಎಲ್ಲ ಪುಟಗಳೂ ಒಂದೇ ಅಳತೆಯಲ್ಲಿ ಮೆಲ್ಲಗೆ ಇಳಿದಿದ್ದರೆ ಗುಣಮಟ್ಟದ ಮರುಮೌಲ್ಯಮಾಪನವನ್ನು ಶಂಕಿಸಬೇಕು. ಕೆಲವು ಪುಟಗಳು ಒಂದು ತಾರೀಖಿನಿಂದ ಸೊನ್ನೆಗೆ ಬಂದು ನಿಂತಿದ್ದರೆ ಅದು ವಿಳಾಸದ ತೊಂದರೆ. ನಿಮ್ಮದು ಈ ಕೊನೆಯ ಬಗೆಯದ್ದು ಎಂದು ನಾನು ಎಣಿಸಿದ್ದೇನೆ. ಇದನ್ನು ಅಂಗಡಿಯಲ್ಲಿ ಕುಳಿತು ನಿಮ್ಮದೇ ಮೊಬೈಲ್‌ನಲ್ಲಿ ಹುಡುಕಿ ತೀರ್ಮಾನಿಸಲಾಗದು, ಏಕೆಂದರೆ ಕಲಬುರಗಿಯಲ್ಲಿ ಹುಡುಕುವವರಿಗೂ ಪುಣೆಯಲ್ಲಿ ಹುಡುಕುವವರಿಗೂ ಫಲಿತಾಂಶ ಒಂದೇ ಆಗಿರುವುದಿಲ್ಲ.

ವಿನ್ಯಾಸ ಬದಲಾದರೆ ಶ್ರೇಯಾಂಕ ಏಕೆ ಬೀಳಬೇಕು ಎಂದು ನೀವು ಕೇಳಬಹುದು. ಗೂಗಲ್ ಲೆಕ್ಕವಿಡುವುದು ಪುಟದ ಪೂರ್ಣ ವಿಳಾಸದ ಹೆಸರಿನಲ್ಲಿ. ಗ್ರಾಹಕರು ಹಂಚಿಕೊಂಡ ಲಿಂಕ್, ವರ್ಷಗಳ ಓದು, ಬೇರೆ ಸೈಟ್‌ಗಳು ಕೊಟ್ಟ ಉಲ್ಲೇಖ ಇವೆಲ್ಲ ಜಮೆಯಾಗುವುದು ಆ ವಿಳಾಸಕ್ಕೆ. ನೆಹರೂ ಗಂಜ್‌ನಲ್ಲಿದ್ದ ಅಂಗಡಿಯನ್ನು ಬೇರೆ ಬೀದಿಗೆ ಸಾಗಿಸಿ, ಹಳೆಯ ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸದೆ ಹೋದರೆ ಹಳೆಯ ಗಿರಾಕಿ ಬೀಗ ನೋಡಿ ಹಿಂದಿರುಗುತ್ತಾನೆ. ಆ ಚೀಟಿಯ ಕೆಲಸ ಮಾಡುವುದೇ 301 ರೀಡೈರೆಕ್ಟ್. ಇದು ‘ಈ ಪುಟ ಶಾಶ್ವತವಾಗಿ ಆ ವಿಳಾಸಕ್ಕೆ ಹೋಗಿದೆ’ ಎಂದು ಬ್ರೌಸರ್‌ಗೂ ಗೂಗಲ್‌ಗೂ ತಿಳಿಸುತ್ತದೆ, ಮತ್ತು ಹಳೆಯ ವಿಳಾಸದ ಮಾನ್ಯತೆಯನ್ನು ಹೊಸದಕ್ಕೆ ದಾಟಿಸುತ್ತದೆ. ಅದಿಲ್ಲದಿದ್ದರೆ ಹಳೆಯ ವಿಳಾಸ 404 ಎಂಬ ‘ಪುಟ ಸಿಗಲಿಲ್ಲ’ ಉತ್ತರ ಕೊಡುತ್ತದೆ, ಗೂಗಲ್ ಕೆಲವು ಸಲ ಬಂದು ನೋಡಿ ಆ ಪುಟವನ್ನು ತನ್ನ ಇಂಡೆಕ್ಸ್‌ನಿಂದ, ಅಂದರೆ ಹುಡುಕಾಟದಲ್ಲಿ ತೋರಿಸುವ ಪುಟಗಳ ಪಟ್ಟಿಯಿಂದ, ಕೈಬಿಡುತ್ತದೆ. ವಿನ್ಯಾಸ ಬದಲಾದದ್ದು ಎರಡನೆಯ ವಾರ, ಭೇಟಿಗಳು ಕುಸಿದದ್ದು ಕೊನೆಯ ವಾರ ಎಂದಿರಿ. ನಡುವಿನ ಆ ಹತ್ತು ಹನ್ನೆರಡು ದಿನಗಳ ಅಂತರ ಈ ಕ್ರಮಕ್ಕೆ ಸರಿಯಾಗಿ ಹೊಂದುತ್ತದೆ.

ಇಳಿಸಿಕೊಂಡ ಕಡತದಲ್ಲಿ ಮೇ ತಿಂಗಳು ಅತಿ ಹೆಚ್ಚು ಕ್ಲಿಕ್ ತಂದ 20 ಹಳೆಯ ವಿಳಾಸಗಳನ್ನು ಒಂದೊಂದಾಗಿ ತೆರೆದು ನೋಡಿ. ಪುಟ ಸಿಗಲಿಲ್ಲ ಎಂದು ಬಂದರೆ ಕಾರಣ ಅಲ್ಲೇ ಸಿಕ್ಕಿತು. ಎಲ್ಲವೂ ಮುಖಪುಟಕ್ಕೆ ಬಂದು ನಿಲ್ಲುತ್ತಿದ್ದರೂ ಸಮಾಧಾನಪಡಬೇಡಿ. ಫಟಕಾ ಬೇಳೆ ಕೇಳಿಕೊಂಡು ಬಂದವರನ್ನು ಗಂಜ್‌ನ ಹೆಬ್ಬಾಗಿಲಿನಲ್ಲಿ ಬಿಟ್ಟು ಹೋದಂತೆ ಅದು. ಗೂಗಲ್ ಇಂತಹ ಸಾರಾಸಗಟು ರೀಡೈರೆಕ್ಟ್ ಅನ್ನು ಸಾಮಾನ್ಯವಾಗಿ 404ಕ್ಕೆ ಸಮವೆಂದೇ ಎಣಿಸುತ್ತದೆ. ಪ್ರತಿ ಹಳೆಯ ಪುಟವೂ ಅದೇ ವಿಷಯದ ಹೊಸ ಪುಟಕ್ಕೆ ಹೋಗಬೇಕು.

ಇನ್ನೊಂದು ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಹೊಸ ಸೈಟ್ ತಯಾರಾಗುವಾಗ ಅರೆಬರೆ ಪುಟಗಳು ಹುಡುಕಾಟದಲ್ಲಿ ಬಾರದಿರಲೆಂದು ‘ನೋಇಂಡೆಕ್ಸ್’ ಸೂಚನೆ ಹಾಕಿರುತ್ತಾರೆ. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಇದು ಒಂದೇ ಒಂದು ಟಿಕ್ ಗುರುತು. ಸೈಟ್ ಬಿಡುಗಡೆಯಾದ ದಿನ ಅದನ್ನು ತೆಗೆಯಲು ಮರೆತರೆ ಇಡೀ ಸೈಟ್ ಮೆಲ್ಲಮೆಲ್ಲನೆ ಮಾಯವಾಗುತ್ತದೆ. ಬೀದರಿನ ಒಂದು ಬಿದರಿ ಕುಸುರಿ ಅಂಗಡಿಯ ಸೈಟ್ ಹೀಗೆ ನಾಲ್ಕು ತಿಂಗಳು ಕಾಣದೆ ಉಳಿದಿತ್ತು. ಆ ನಾಲ್ಕು ತಿಂಗಳೂ ಅವರು ತಿಂಗಳಿಗಿಷ್ಟು ಎಂದು ಯಾರಿಗೋ ‘ಪ್ರಚಾರದ’ ಹಣ ಕಟ್ಟುತ್ತಿದ್ದರು. ಟಿಕ್ ತೆಗೆದ ಮೇಲೆ ಮೂರು ವಾರಗಳಲ್ಲಿ ಪುಟಗಳು ಮರಳಿದವು. ಸರ್ಚ್ ಕನ್ಸೋಲ್‌ನ ಮೇಲ್ಭಾಗದ ಪೆಟ್ಟಿಗೆಯಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟರೆ ಅದು ಇಂಡೆಕ್ಸ್‌ನಲ್ಲಿದೆಯೇ, ಇಲ್ಲದಿದ್ದರೆ ಏಕಿಲ್ಲ ಎಂಬುದನ್ನು ಗೂಗಲ್ ತಾನೇ ಹೇಳುತ್ತದೆ.

ಈಗ ಆ 32 ಬರಹಗಳ ವಿಷಯ. ‘ಬೇಳೆಗೆ ಹುಳ ಹಿಡಿಯದಂತೆ ಇಡುವುದು ಹೇಗೆ’, ‘ಎಣ್ಣೆ ಹಚ್ಚಿದ ಬೇಳೆಗೂ ಹಚ್ಚದ ಬೇಳೆಗೂ ಏನು ವ್ಯತ್ಯಾಸ’ ಎಂದು ಹುಡುಕಿ ಬಂದವರಲ್ಲಿ ಕೆಲವರಾದರೂ ನಿಮ್ಮ ಗಿರಾಕಿಗಳಾದರು. ಆ ಪುಟಗಳನ್ನು ತೆಗೆದುಹಾಕಿದ ಮೇಲೆ ಅವರಿಗೆ ತೋರಿಸಲು ಗೂಗಲ್ ಬಳಿ ನಿಮ್ಮದೇನೂ ಉಳಿದಿಲ್ಲ. ತೆಗೆದುಹಾಕಿದ ಬರಹಕ್ಕೆ ಯಾವ ರೀಡೈರೆಕ್ಟ್ ಕೂಡ ಬದಲಿಯಾಗದು. ಮಿಲ್ಲಿನಲ್ಲಿ ದಿನವೂ ಬೇಳೆ ಒಡೆಯುವವರು ಬರೆದ ಮಾತಿಗೆ ಇರುವ ತೂಕ ಬೇರೆಲ್ಲೂ ಸಿಗುವುದಿಲ್ಲವಾದ್ದರಿಂದ ಅವುಗಳನ್ನು ಕಳೆದುಕೊಂಡದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ. ಹಳೆಯ ಸೈಟಿನ ಬ್ಯಾಕಪ್ ಅನ್ನು ವಿನ್ಯಾಸಕಾರರಿಂದ ಈ ವಾರವೇ ಕೇಳಿ ಪಡೆಯಿರಿ, ಏಕೆಂದರೆ ಸೈಟ್‌ಗೆ ಜಾಗ ಕೊಡುವ ಹೋಸ್ಟಿಂಗ್‌ನವರು ಹಳೆಯ ಬ್ಯಾಕಪ್‌ಗಳನ್ನು ಬಹುಕಾಲ ಇಟ್ಟುಕೊಳ್ಳುವುದಿಲ್ಲ. ಅದು ಸಿಗದಿದ್ದರೆ ಅಂತರ್ಜಾಲದ ಹಳೆಯ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷಿನ್‌ನಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. ಹಲವು ಬರಹಗಳು ಅಲ್ಲಿ ಉಳಿದಿರುವ ಸಾಧ್ಯತೆಯಿದೆ. ಸಾಧ್ಯವಾದರೆ ಮೊದಲಿದ್ದ ವಿಳಾಸಗಳಲ್ಲೇ ಅವುಗಳನ್ನು ಮರಳಿ ಇಡಿಸಿ.

ಕನ್ನಡ ಸೈಟ್‌ಗಳಿಗೇ ವಿಶೇಷವಾದ ಎರಡು ತೊಡಕುಗಳಿವೆ. ಹೊಸ ಸೈಟ್‌ಗೆ ಪಠ್ಯ ತುಂಬುವಾಗ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿದ್ದ ಕಡತದಿಂದ ನೇರವಾಗಿ ಅಂಟಿಸಿ, ಅದೇ ಫಾಂಟ್ ಅನ್ನು ಸೈಟ್‌ಗೂ ಜೋಡಿಸಿಬಿಟ್ಟರೆ ನೋಡುವವರಿಗೆ ಚೆಂದದ ಕನ್ನಡವೇ ಕಾಣುತ್ತದೆ. ಗೂಗಲ್‌ಗೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕಾಟಕ್ಕೆ ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್ ಕನ್ನಡವೇ ಬೇಕು. ಸೈಟಿನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ. ಚಿಹ್ನೆಗಳು ಬಂದರೆ ಪಠ್ಯವನ್ನೆಲ್ಲ ಪರಿವರ್ತಿಸಬೇಕು. ಕಾಪಿಯೇ ಆಗದಿದ್ದರೆ ಅದು ಅಕ್ಷರವಲ್ಲ, ಚಿತ್ರ. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕುವ ರೂಢಿ ನಮ್ಮಲ್ಲಿ ಹೆಚ್ಚು.

ಎರಡನೆಯದು ನಮ್ಮ ಊರಿನ ಹೆಸರು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಹೊಸ ವಿನ್ಯಾಸದಲ್ಲಿ ಎಲ್ಲೆಡೆ ‘ಕಲಬುರಗಿ’ ಎಂದು ತಿದ್ದಿ ಹಳೆಯ ಹೆಸರನ್ನು ಪೂರ್ತಿ ಅಳಿಸಿದ್ದಾರೆಯೇ ನೋಡಿ. ಆ ತಿದ್ದುಪಡಿ ಗೌರವದ್ದೇ, ನನಗೂ ಕಲಬುರಗಿ ಎನ್ನುವುದೇ ಪ್ರೀತಿ. ಆದರೆ ಪುಣೆ, ಹೈದರಾಬಾದಿನ ಗಿರಾಕಿ ಇನ್ನೂ ಹಳೆಯ ಹೆಸರಿನಲ್ಲೇ ಬೇಳೆ ಕೇಳುತ್ತಾನೆ, 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ ದೊರೆತದ್ದೂ ‘ಗುಲಬರ್ಗಾ ತೂರ್ ದಾಲ್’ ಎಂಬ ಹೆಸರಿಗೇ. ಎರಡೂ ಹೆಸರು ಒಂದೇ ಊರಿನವು ಎಂಬುದನ್ನು ಗೂಗಲ್ ಒಂದು ಮಟ್ಟಿಗೆ ಬಲ್ಲದು, ಆದರೂ ಹುಡುಕಿದ ಪದವೇ ಪುಟದ ಶೀರ್ಷಿಕೆಯಲ್ಲಿದ್ದರೆ ಅದರ ಬಲವೇ ಬೇರೆ. ‘ಕಲಬುರಗಿಯ, ಅಂದರೆ ಗುಲಬರ್ಗಾದ, ತೊಗರಿಬೇಳೆ’ ಎಂದು ಸಹಜವಾಗಿ ಒಂದೆರಡು ಕಡೆ ಬಂದರೆ ಸಾಕು. ಸಾಲುಸಾಲಿಗೆ ತುರುಕುವುದು ಬೇಡ.

ಗೂಗಲ್ ವರ್ಷಕ್ಕೆ ಹಲವು ಬಾರಿ ತನ್ನ ಮುಖ್ಯ ಲೆಕ್ಕಾಚಾರವನ್ನೇ ಪರಿಷ್ಕರಿಸುತ್ತದೆ. ಅವುಗಳ ಆರಂಭ, ಅಂತ್ಯದ ತಾರೀಖುಗಳನ್ನು ತನ್ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಪ್ರಕಟಿಸುತ್ತದೆ. 2024ರ ಮಾರ್ಚ್ 5ರಂದು ಶುರುವಾದ ಪರಿಷ್ಕರಣೆ ಮುಗಿದದ್ದು 45 ದಿನಗಳ ಬಳಿಕ. ನಿಮ್ಮ ಕುಸಿತದ ವಾರ ಅಲ್ಲಿ ಯಾವುದಾದರೂ ಪರಿಷ್ಕರಣೆ ನಡೆದಿದೆಯೇ ನೋಡಿಕೊಳ್ಳಿ. ನಡೆದಿದ್ದರೂ ಮೊದಲು ವಿಳಾಸಗಳನ್ನು ಸರಿಪಡಿಸಿದ ಮೇಲೆಯೇ ಆ ಕಡೆ ಗಮನ ಕೊಡಿ, ಏಕೆಂದರೆ ಪರಿಷ್ಕರಣೆಯಿಂದ ಇಳಿದದ್ದನ್ನು ಮರಳಿ ಪಡೆಯಲು ಗುಂಡಿ ಒತ್ತುವ ಪರಿಹಾರವಿಲ್ಲ. ಪುಟಗಳನ್ನು ಉತ್ತಮಗೊಳಿಸಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಪೂರ್ತಿ ಮರಳುವ ಖಾತರಿಯೂ ಇರುವುದಿಲ್ಲ.

ಇಷ್ಟು ತಿಳಿದ ಮೇಲೆ ನಿಮ್ಮ ಮುಂದಿರುವ ದಾರಿಗಳನ್ನು ಅಳೆಯಬಹುದು. ಹೊಸ ಡೊಮೇನ್ ಕೊಳ್ಳುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ. 2018ರಿಂದ ಗಳಿಸಿದ್ದರಲ್ಲಿ ಉಳಿದಿರುವ ಅಷ್ಟಿಷ್ಟನ್ನೂ ನೀವಾಗಿಯೇ ಬಿಟ್ಟುಕೊಟ್ಟಂತಾಗುತ್ತದೆ. ಹಳೆಯ ಗಿರಾಕಿಗಳ ಫೋನಿನಲ್ಲಿರುವ ಲಿಂಕ್‌ಗಳೂ ಸಾಯುತ್ತವೆ. ಹಳೆಯ ಸೈಟ್ ಅನ್ನೇ ಇಡಿಯಾಗಿ ಮರಳಿ ಹಾಕುವುದು ಎರಡನೆಯ ದಾರಿ. ಜೂನ್‌ನಲ್ಲೇ ಕೇಳಿದ್ದರೆ ಹೌದೆನ್ನುತ್ತಿದ್ದೆ. ಈಗ ಮೂರು ತಿಂಗಳು ಕಳೆದಿರುವುದರಿಂದ ಹೊಸ ವಿಳಾಸಗಳೂ ಇಂಡೆಕ್ಸ್‌ಗೆ ಸೇರಿರುತ್ತವೆ, ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ಸುತ್ತಿನ ಗೊಂದಲ. ಹೊಸ ವಿನ್ಯಾಸವನ್ನು ಉಳಿಸಿಕೊಂಡು, ಒಂದೊಂದೇ ವಿಳಾಸಕ್ಕೆ 301 ಹಾಕಿಸಿ, ಬರಹಗಳನ್ನು ಮರಳಿ ಇಡುವುದೇ ನನ್ನ ಸಲಹೆ. ಇದರ ಅಪಾಯ ಕಡಿಮೆ. ಬೇಕಾಗುವುದು ತಾಳ್ಮೆಯ ಕೈಕೆಲಸ. ನಿಮ್ಮ ಗಾತ್ರದ ಸೈಟ್‌ಗೆ ನುರಿತವರೊಬ್ಬರು ಎರಡು ಮೂರು ದಿನಗಳಲ್ಲಿ ಮುಗಿಸುವಂಥದ್ದು. ಆ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಗೂಗಲ್ ಹೇಳುತ್ತದೆ. ತೆಗೆಯಲೇಬೇಡಿ ಎಂದು ನಾನು ಹೇಳುತ್ತೇನೆ.

ಫೋನ್ ಮಾಡುತ್ತಿರುವವರ ಮಾತು: ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು, ಇದನ್ನು ಗೂಗಲ್ ತಾನೇ ಬಹಿರಂಗವಾಗಿ ಹೇಳಿದೆ. ಅವರು ಇನ್ನಷ್ಟು ಲಿಂಕ್ ಕೊಂಡು ಹಾಕಬಹುದು, ಅಥವಾ ಎಐ ಬಳಸಿ ರಾತ್ರೋರಾತ್ರಿ ನೂರು ಲೇಖನ ತುಂಬಬಹುದು. ಹುಡುಕಾಟದಲ್ಲಿ ಮೇಲೆ ಬರುವುದಕ್ಕಾಗಿಯೇ ರಾಶಿಗಟ್ಟಲೆ ಪುಟ ಸೃಷ್ಟಿಸುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ನಿಯಮಭಂಗವೆಂದು ಸ್ಪಷ್ಟವಾಗಿ ಸಾರಿದೆ. ಇವತ್ತು ಇಲ್ಲದ ದಂಡವನ್ನು ನೀವು ಹಣ ಕೊಟ್ಟು ತಂದುಕೊಂಡಂತಾಗುತ್ತದೆ. ಯಾರನ್ನೇ ನೇಮಿಸಿಕೊಂಡರೂ ಯಾವ ಪುಟದಲ್ಲಿ ಏನು ಬದಲಿಸುತ್ತೀರಿ ಎಂದು ಬರಹದಲ್ಲಿ ಕೇಳಿ. ಸರ್ಚ್ ಕನ್ಸೋಲ್‌ನಲ್ಲಿ ಅವರಿಗೆ ಬಳಕೆದಾರರ ಅನುಮತಿ ಕೊಡಿ, ಮಾಲೀಕತ್ವ ನಿಮ್ಮದೇ ಇರಲಿ; ಡೊಮೇನ್ ಖಾತೆಯ ಪಾಸ್‌ವರ್ಡ್ ಯಾರ ಕೈಗೂ ಹೋಗದಿರಲಿ. ಯಾದಗಿರಿಯ ಒಬ್ಬ ವ್ಯಾಪಾರಿಗೆ ಡೊಮೇನ್ ಬೇರೆಯವರ ಹೆಸರಿನಲ್ಲಿದ್ದುದರಿಂದ ಸೈಟ್ ಬಿಡಿಸಿಕೊಳ್ಳಲು ಒಂದು ವರ್ಷ ಬೇಕಾಯಿತು.

ಆ 60 ಸಾವಿರದಲ್ಲಿ ಒಂದು ಪಾಲನ್ನು ಗೂಗಲ್ ಜಾಹೀರಾತಿಗೆ ಇಟ್ಟರೆ ಈ ನಡುವೆ ವ್ಯಾಪಾರ ನಿಲ್ಲದಂತೆ ನೋಡಿಕೊಳ್ಳಬಹುದು. ಜಾಹೀರಾತು ಕೊಟ್ಟರೆ ಸಹಜ ಶ್ರೇಯಾಂಕ ಏರುತ್ತದೆ ಎಂಬುದೂ, ನಿಲ್ಲಿಸಿದರೆ ಇಳಿಯುತ್ತದೆ ಎಂಬುದೂ ಬರಿಯ ನಂಬಿಕೆ, ಎರಡಕ್ಕೂ ಸಂಬಂಧವಿಲ್ಲ.

ಸರಿಪಡಿಸಿದ ಮೇಲೆ ಹೊಸ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಸಲ್ಲಿಸಿ, ಮುಖ್ಯವಾದ ಹತ್ತು ಪುಟಗಳಿಗೆ ಇಂಡೆಕ್ಸಿಂಗ್ ಕೋರಿಕೆ ಕಳುಹಿಸಿ. ಒಂದೇ ಕೋರಿಕೆಯನ್ನು ಮತ್ತೆ ಮತ್ತೆ ಕಳುಹಿಸಿದರೆ ಬೇಗವಾಗುವುದಿಲ್ಲ. ಮೊದಲ ಚಲನೆ ಕೆಲವು ವಾರಗಳಲ್ಲಿ ಕಾಣಬೇಕು. ಸ್ಥಾನಗಳು ನೆಲೆಗೊಳ್ಳಲು ಎರಡು ಮೂರು ತಿಂಗಳು ಹಿಡಿಯಬಹುದು. ಮೂರು ತಿಂಗಳು ಹಳೆಯ ವಿಳಾಸಗಳು ಸತ್ತಿದ್ದುದರಿಂದ ಎಲ್ಲವೂ ಮೊದಲಿನಂತೆ ಬರುತ್ತದೆ ಎಂದು ನಾನು ಮಾತು ಕೊಡಲಾರೆ, ಆದರೆ ಬಹುಪಾಲು ಮರಳುವುದನ್ನು ಇಂತಹ ಪ್ರಕರಣಗಳಲ್ಲಿ ನೋಡಿದ್ದೇನೆ. ಈ ಅವಧಿಯಲ್ಲಿ ಶೀರ್ಷಿಕೆ, ವಿನ್ಯಾಸ, ಬೆಲೆಪುಟ ಎಂದು ವಾರಕ್ಕೊಂದನ್ನು ಬದಲಿಸಬೇಡಿ, ಮಾಡಿದ ಪ್ರತಿ ಬದಲಾವಣೆಯನ್ನೂ ತಾರೀಖಿನೊಡನೆ ಒಂದು ವಹಿಯಲ್ಲಿ ಬರೆದಿಡಿ. ಆ 20 ವಿಳಾಸಗಳಲ್ಲಿ ಒಂದೂ ಮುರಿದಿಲ್ಲ, ನೋಇಂಡೆಕ್ಸ್ ಕೂಡ ಇಲ್ಲ ಎಂದಾದರೆ ನನ್ನ ಅನುಮಾನ ತಪ್ಪಿದಂತೆ. ಆಗ ಇಳಿಸಿಟ್ಟ ಎರಡೂ ಕಡತಗಳನ್ನು ಕಳುಹಿಸಿ, ಪದಪದವಾಗಿ ನೋಡಿ ಬರೆಯುತ್ತೇನೆ. ವಿಳಾಸಗಳ ಕೆಲಸವನ್ನು ಅಕ್ಟೋಬರ್ ಮುಗಿಯುವುದರೊಳಗೆ ಮಾಡಿಸಿದರೆ ಜನವರಿಯಲ್ಲಿ ಹೊಸ ಬೇಳೆ ಮಿಲ್ಲಿಗೆ ಬರುವ ಹೊತ್ತಿಗೆ ಗೂಗಲ್‌ಗೆ ಬೇಕಾದ ಸಮಯ ಸಿಕ್ಕಿರುತ್ತದೆ.